ತಿಂಗಳ ಮಾತ್ರೆಗಳೆಲ್ಲ ಒಂದೇ ದಿನ: ಪರಿಶೀಲನೆ ಮೊದಲು, ಪೊಟ್ಟಣ ಆಮೇಲೆ

ಸಿಂಧನೂರು, ಮಾನ್ವಿ, ದೇವದುರ್ಗದ ಔಷಧ ಅಂಗಡಿಗಳಿಗೆ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹಿರಿಯರಲ್ಲಿ ಅನೇಕರು ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಎಂದು ನಿತ್ಯವೂ ಮೂರು ನಾಲ್ಕು ಬಗೆಯ ಮಾತ್ರೆ ನುಂಗುವವರು. ಒಂದೊಂದು ಮಾತ್ರೆ ಒಂದೊಂದು ದಿನ ಮುಗಿಯುತ್ತದೆ. ಒಂದೇ ಸ್ಟ್ರಿಪ್ಪಿಗಾಗಿ ದಿನದ ಕೂಲಿ ಬಿಟ್ಟು ಬರಲಾಗದೆ ಆ ಮಾತ್ರೆ ನಿಂತುಹೋಗುತ್ತದೆ. ಎಲ್ಲವೂ ಒಂದೇ ದಿನ ಸಿಗುವಂತೆ ಹೊಂದಿಸಿದರೆ ಈ ತೊಂದರೆ ತಪ್ಪುತ್ತದೆ. ಆದರೆ ಪರಿಶೀಲಿಸದೆ ಹೊಂದಿಸಿದರೆ, ಬೇಡದ ಔಷಧವೂ ತಿಂಗಳು ತಿಂಗಳು ಕ್ರಮ ತಪ್ಪದೆ ಮನೆ ಸೇರುತ್ತದೆ.

ಅಂಗಡಿಯ ಫಾರ್ಮಸಿಸ್ಟರು ಮೊದಲ ಭೇಟಿಗೆ ಮನೆಯಲ್ಲಿರುವ ಔಷಧಗಳನ್ನೆಲ್ಲ, ನೋವಿನ ಮಾತ್ರೆ ಮತ್ತು ನಾಟಿ ಚೂರ್ಣ ಸಹಿತ, ಚೀಲದಲ್ಲಿ ತರಲು ಹೇಳಬೇಕು. ಬ್ರ್ಯಾಂಡ್ ಹೆಸರನ್ನು ಬದಿಗಿಟ್ಟು ಒಳಗಿನ ಔಷಧದ ಹೆಸರಿನಲ್ಲಿ ಪಟ್ಟಿ ಮಾಡಿದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಟ್ಟ ಬಿ.ಪಿ. ಮಾತ್ರೆ ಅಮ್ಲೋಡಿಪಿನ್ ಮತ್ತು ಖಾಸಗಿ ವೈದ್ಯರು ಬರೆದ ಅದೇ ಅಮ್ಲೋಡಿಪಿನ್ ಎರಡನ್ನೂ ರೋಗಿ ನುಂಗುತ್ತಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ. ಮೊಣಕಾಲು ನೋವಿಗೆ ತಾವಾಗಿಯೇ ಕೊಳ್ಳುವ ಡೈಕ್ಲೋಫೆನಾಕ್ ರಕ್ತದೊತ್ತಡವನ್ನು ಏರಿಸಬಲ್ಲದು. ಅದು ಟೆಲ್ಮಿಸಾರ್ಟಾನ್ ಎಂಬ ಬಿ.ಪಿ. ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಹಾನಿಯಾಗಬಹುದು, ಅದರಲ್ಲೂ ರಾಯಚೂರಿನ ಬಿಸಿಲಲ್ಲಿ ಬೆವರು ಸುರಿಸಿ ದುಡಿಯುವವರಿಗೆ. ಥೈರಾಯ್ಡಿನ ಲೆವೊಥೈರಾಕ್ಸಿನ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆಗೂ ನಡುವೆ 4 ಗಂಟೆ ಅಂತರವಿರಬೇಕು. "ದಿನಾ ತಗೋತೀರಾ?" ಎಂದರೆ ಎಲ್ಲರೂ ಹೌದೆನ್ನುತ್ತಾರೆ, "ಹೋದ ವಾರ ಎಷ್ಟು ದಿನ ತಪ್ಪಿತು?" ಎಂದು ಕೇಳಿ, ಉಳಿದ ಮಾತ್ರೆಗಳನ್ನು ಎಣಿಸಿ ನೋಡಬೇಕು.

ಇದು ಹೆಚ್ಚುವರಿ ಉಪಕಾರವಲ್ಲ. ಚೀಟಿಯನ್ನು ಪರಿಶೀಲಿಸುವುದು, ರೋಗಿಗೆ ತಿಳಿಹೇಳುವುದು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯೇ ಹೇಳುತ್ತದೆ. ಆದರೆ ಔಷಧ ನಿಲ್ಲಿಸುವ, ಪ್ರಮಾಣ ಬದಲಿಸುವ ಅಧಿಕಾರ ವೈದ್ಯರದ್ದೇ ಆದ್ದರಿಂದ, ಕಂಡದ್ದನ್ನು ಬರೆದು ಅಥವಾ ಫೋನಿನಲ್ಲಿ ಅವರಿಗೆ ತಿಳಿಸಿ, ಉತ್ತರ ಬಂದ ಮೇಲೆಯೇ ದಿನ ಗೊತ್ತುಮಾಡಬೇಕು.

ಲೆಕ್ಕ ಸುಲಭ. ದಿನಕ್ಕೊಂದರಂತೆ ಅಮ್ಲೋಡಿಪಿನ್ 8, ಕೊಲೆಸ್ಟ್ರಾಲ್ ತಗ್ಗಿಸುವ ಅಟೊರ್ವಾಸ್ಟಾಟಿನ್ 12, ಟೆಲ್ಮಿಸಾರ್ಟಾನ್ 20 ಉಳಿದಿದ್ದರೆ, ಮೊದಲನೆಯದಕ್ಕೆ 12, ಎರಡನೆಯದಕ್ಕೆ 8 ಬಿಡಿ ಮಾತ್ರೆ ಕೊಟ್ಟರೆ ಮೂರೂ 20ನೆಯ ದಿನ ಒಟ್ಟಿಗೆ ಮುಗಿಯುತ್ತವೆ. ಅಲ್ಲಿಂದ ಮುಂದೆ ತಲಾ 30. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ರೋಗಿಗೂ ಸಿಗುವಂತೆ ಪೊಟ್ಟಣದ ಮೇಲೆ ಬರೆದುಕೊಡಬೇಕು. ವೈದ್ಯರು ಚೀಟಿಯಲ್ಲಿ ನಮೂದಿಸದಿದ್ದರೆ ಅದೇ ಚೀಟಿಗೆ ಎರಡನೆಯ ಬಾರಿ ಔಷಧ ಕೊಡಲು ಔಷಧ ನಿಯಮಗಳ 65ನೆಯ ನಿಯಮದಲ್ಲಿ ಅವಕಾಶವಿಲ್ಲ. ಎಷ್ಟು ತಿಂಗಳಿಗೆ ಎಂದು ಬರೆಸಿಕೊಳ್ಳುವಂತೆ ರೋಗಿಗೆ ಮೊದಲೇ ಹೇಳಿ. ಆ್ಯಂಟಿಬಯಾಟಿಕ್, ಬೇಕಾದಾಗ ಮಾತ್ರ ನುಂಗುವ ಮಾತ್ರೆ, ರಕ್ತಪರೀಕ್ಷೆ ನೋಡಿ ಪ್ರಮಾಣ ಬದಲಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಈ ಲೆಕ್ಕಕ್ಕೆ ಸೇರುವುದಿಲ್ಲ.

ಗೊತ್ತಾದ ದಿನಕ್ಕೆ ಎರಡು ಮೂರು ದಿನ ಮೊದಲು ಫೋನ್ ಮಾಡಿ, ಆಸ್ಪತ್ರೆಗೆ ಹೋಗಿದ್ದರೇ, ಹೊಸ ಮಾತ್ರೆ ಸೇರಿತೇ, ತಲೆಸುತ್ತು ಬಂತೇ ಎಂದು ಕೇಳಿದ ಬಳಿಕವೇ ಪೊಟ್ಟಣ ಕಟ್ಟಬೇಕು. ಚೀಲ ಸಮೇತ ಪೂರ್ಣ ಪರಿಶೀಲನೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲಿ. ಗುಳೆ ಹೊರಡುವ ಕುಟುಂಬಗಳಿಗೆ ವೈದ್ಯರ ಒಪ್ಪಿಗೆ ಪಡೆದು ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು, ದುಡಿಯಲು ಹೋದ ಊರಿನ ಅಂಗಡಿಯಲ್ಲೂ ತೋರಿಸಬಹುದಾದ ಔಷಧಪಟ್ಟಿಯನ್ನು ಚೀಟಿಯ ನಕಲಿನೊಂದಿಗೆ ಕಳುಹಿಸಬೇಕು.