ಮಗುವಿಗೆ ಗಂಭೀರ ಹಾನಿ: ಇಂಗ್ಲೆಂಡಿನ ಕೋರ್ಟ್ ತೀರ್ಮಾನಿಸುವುದು ಹೇಗೆ?

ಇಂಗ್ಲೆಂಡಿಗೆ ಹೊಸದಾಗಿ ಹೋದವರಿಗೆ ಯಾರಾದರೂ ಒಬ್ಬರು ಹೇಳಿಯೇ ಇರುತ್ತಾರೆ: ‘ಮಗುವಿಗೆ ಒಂದೇಟು ಹಾಕಿದರೂ ಸೋಶಿಯಲ್ ಸರ್ವಿಸಸ್‌ನವರು ಬಂದು ಕರ್ಕೊಂಡು ಹೋಗ್ತಾರೆ, ಹುಷಾರು!’ ಹೊಡೆಯದೇ ಇರುವುದು ಒಳ್ಳೆಯದೇ. ಪಕ್ಕದ ವೇಲ್ಸ್‌ನಲ್ಲಂತೂ 2022ರ ಮಾರ್ಚ್‌ನಿಂದ ಹೊಡೆಯುವುದು ಕಾನೂನಿಗೇ ವಿರುದ್ಧ. ಆದರೆ ಮಗುವನ್ನು ಕೌನ್ಸಿಲ್ (ಸ್ಥಳೀಯ ಆಡಳಿತ; ಸೋಶಿಯಲ್ ಸರ್ವಿಸಸ್ ಇದರದ್ದೇ ವಿಭಾಗ) ಸುಪರ್ದಿಗೆ ಕೊಡುವ ಕೇರ್ ಆರ್ಡರ್ ಸುಮ್ನೆ ಸಿಗುವುದಿಲ್ಲ. 1989ರ ಚಿಲ್ಡ್ರನ್ ಆ್ಯಕ್ಟ್‌ನ 31ನೇ ಸೆಕ್ಷನ್ ಇಟ್ಟಿರುವ ಪರೀಕ್ಷೆ ದಾಟಬೇಕು: ಮಗುವಿಗೆ ಗಂಭೀರ ಹಾನಿ ಆಗಿದೆ ಅಥವಾ ಆಗಬಹುದು ಎಂದು ತೋರಿಸಬೇಕು. ಕೋರ್ಟಿನಲ್ಲಿ ಎಲ್ಲರೂ ಥ್ರೆಶೋಲ್ಡ್ (ಹೊಸ್ತಿಲು) ಅನ್ನುವುದು ಇದಕ್ಕೇ.

1. ಅರ್ಜಿ
ಸಾಮಾನ್ಯವಾಗಿ ಅರ್ಜಿ ಹಾಕುವುದು ಸ್ಥಳೀಯ ಕೌನ್ಸಿಲ್. ತುರ್ತು ಇದ್ದರೆ ಪೊಲೀಸರು 72 ಗಂಟೆಯವರೆಗೆ ಮಗುವನ್ನು ಇಟ್ಟುಕೊಳ್ಳಬಹುದು. ಅದು ತಾತ್ಕಾಲಿಕ, ತೀರ್ಪಲ್ಲ.

2. ಹಾನಿ ಎಂದರೆ ಯಾವುದು?
ಹಿಂಸೆ, ಲೈಂಗಿಕ ದೌರ್ಜನ್ಯ, ಆರೋಗ್ಯಕ್ಕೋ ಬೆಳವಣಿಗೆಗೋ ಬಿದ್ದ ಪೆಟ್ಟು, ಎಲ್ಲವೂ ಸೇರುತ್ತವೆ. ಅಪ್ಪ ಅಮ್ಮನಿಗೆ ಹೊಡೆಯುವುದನ್ನು ಮಗು ನೋಡಿ, ಕೇಳಿ ನಲುಗಿದರೂ ಹಾನಿಯೇ. ಬೆಳವಣಿಗೆಯ ಪ್ರಶ್ನೆ ಬಂದಾಗ ಅದೇ ಥರದ ಇನ್ನೊಂದು ಮಗುವಿನ ಜೊತೆ ಹೋಲಿಸುತ್ತಾರೆ. ಎಷ್ಟಾದರೆ ಗಂಭೀರ ಎಂಬುದಕ್ಕೆ ಕಾಯ್ದೆಯಲ್ಲಿ ಅಳತೆ ಇಲ್ಲ. ಆದರೆ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಹೆಡ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ಹೇಗೋ ನಿಭಾಯಿಸುವ ಅಪ್ಪ ಅಮ್ಮಂದಿರನ್ನೂ ಸಮಾಜ ಸಹಿಸಿಕೊಳ್ಳಬೇಕು. ಮನೆ ಗಲೀಜು, ಊಟದ ಹೊತ್ತು ಏರುಪೇರು ಅನ್ನುವುದಷ್ಟೇ ಸಾಲದು.

3. ನಡೆದದ್ದೇನು?
ಕೇಸು ನಿಲ್ಲುವುದೂ ಬೀಳುವುದೂ ಇಲ್ಲೇ. ಸಾಬೀತು ಮಾಡುವ ಹೊಣೆ ಕೌನ್ಸಿಲ್‌ದು, ಪೋಷಕರದ್ದಲ್ಲ. ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಡ. ನಡೆದಿರುವ ಸಾಧ್ಯತೆ ನಡೆಯದಿರುವ ಸಾಧ್ಯತೆಗಿಂತ ಜಾಸ್ತಿ ಇದ್ದರೆ ಸಾಕು. ಅಷ್ಟು ಸಾಬೀತಾಗದಿದ್ದರೆ, ಆ ಘಟನೆ ನಡೆದೇ ಇಲ್ಲ ಎಂದು ಲೆಕ್ಕ. ‘ಏನೋ ಅನುಮಾನ ಉಳಿದಿದೆ’ ಎಂಬ ಮಧ್ಯದ ದಾರಿ ಇಲ್ಲ ಅಂತ 2008ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು.

ಉದಾಹರಣೆಗೆ, ಹಸುಗೂಸಿನ ಬೆನ್ನ ಮೇಲೆ ನೀಲಿ ಕಲೆ. ಪೆಟ್ಟಿನ ಗುರುತೂ ಇರಬಹುದು, ನಮ್ಮ ಕಡೆಯ ಮಕ್ಕಳಲ್ಲಿ ತೀರಾ ಸಾಮಾನ್ಯವಾದ ಹುಟ್ಟುಮಚ್ಚೆಯೂ ಇರಬಹುದು. ಮೂಳೆ ಮುರಿದಿದ್ದರೆ ರಿಕೆಟ್ಸ್ (ಮೂಳೆ ಮೆತ್ತಗಾಗುವ ಕಾಯಿಲೆ) ಇದೆಯಾ ಅಂತಲೂ ಕೇಳಬೇಕು. ವೈದ್ಯರು ಅಭಿಪ್ರಾಯ ಕೊಡುತ್ತಾರೆ, ತೀರ್ಮಾನಿಸುವುದು ಜಡ್ಜ್. ಹುಟ್ಟಿದಾಗ ಮಚ್ಚೆಯನ್ನು ದಾಖಲೆಯಲ್ಲಿ ಬರೆಸಿಕೊಂಡಿದ್ದರೆ ಎಷ್ಟೋ ತಲೆನೋವು ತಪ್ಪುತ್ತದೆ.

4. ಮುಂದೆ ಆಗಬಹುದಾದ ಹಾನಿ
ಕಡೆಗಣಿಸಲಾಗದಂಥ ನಿಜವಾದ ಸಾಧ್ಯತೆ ಇದ್ದರೆ ಸಾಕು. ಆದರೆ ಆ ಭಯ ಸಾಬೀತಾದ ಸಂಗತಿಗಳ ಮೇಲೆ ನಿಂತಿರಬೇಕು, ಊಹೆಯ ಮೇಲಲ್ಲ.

5. ಕಾರಣ ಯಾರು?
ಪೋಷಕರಿಂದ ನಿರೀಕ್ಷಿಸಬಹುದಾದ ಆರೈಕೆ ಸಿಗದೆ ಹಾನಿಯಾಗಿರಬೇಕು, ಇಲ್ಲವೇ ಮಗು ಅವರ ಹಿಡಿತ ಮೀರಿರಬೇಕು. ಬೇಕೆಂದೇ ಮಾಡಿದರಾ ಎಂಬುದು ಮುಖ್ಯವಲ್ಲ. ನೋಡಿಕೊಳ್ಳುತ್ತಿದ್ದವರಲ್ಲಿ ಯಾರು ಮಾಡಿದ್ದು ಅಂತ ಗೊತ್ತಾಗದಿದ್ದರೂ ಥ್ರೆಶೋಲ್ಡ್ ದಾಟಬಹುದು. ಏನೂ ಮಾಡದ ತಾಯಿಗೋ ತಂದೆಗೋ ಇದು ಬಹಳ ಕಠಿಣ, ಅಲ್ವಾ?

6. ದಾಟಿದ ಮೇಲೆ
ಹಾನಿ ಸಾಬೀತಾಯಿತು ಎಂದಮಾತ್ರಕ್ಕೆ ಮಗು ಹೋಯಿತು ಎಂದಲ್ಲ. ಮಗುವಿನ ಹಿತವೇನು ಎಂಬುದು ಬೇರೆಯೇ ಪ್ರಶ್ನೆ. ಮಗುವಿನ ಪರವಾಗಿ ಕೋರ್ಟ್ ನೇಮಿಸಿದ ಸ್ವತಂತ್ರ ಗಾರ್ಡಿಯನ್ ಇರುತ್ತಾರೆ, ಅದರ ಇಷ್ಟವನ್ನೂ ಕೇಳುತ್ತಾರೆ. ಮನೆಯಲ್ಲೇ ಇಟ್ಟು ಮೇಲ್ವಿಚಾರಣೆ ಮಾಡಬಹುದು, ಅಜ್ಜಿ ತಾತನ ಹತ್ತಿರ ಬಿಡಬಹುದು. ಪೋಷಕರು ಬೇಡವೆಂದರೂ ದತ್ತು ಕೊಡುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಇದೆಲ್ಲ 26 ವಾರದಲ್ಲಿ ಮುಗಿಯಬೇಕು ಅನ್ನುತ್ತದೆ ಕಾನೂನು. ಎಷ್ಟೋ ಸಲ ಮುಗಿಯುವುದಿಲ್ಲ.

ಪೋಷಕರು ಮಾಡಬೇಕಾದ್ದು
ಕೇರ್ ಆರ್ಡರ್ ಕೇಸಿನಲ್ಲಿ ಆದಾಯ ಎಷ್ಟೇ ಇರಲಿ, ಲೀಗಲ್ ಏಡ್ (ಸರ್ಕಾರದ ಖರ್ಚಿನಲ್ಲಿ ವಕೀಲರ ನೆರವು) ಸಿಗುತ್ತದೆ. ಮೊದಲ ದಿನವೇ ಸಾಲಿಸಿಟರ್ (ವಕೀಲರು) ಹಿಡಿಯಿರಿ. ಕನ್ನಡದಲ್ಲೇ ಹೇಳುವುದು ಸುಲಭವಾದರೆ ದುಭಾಷಿ ಕೇಳಿ. ಮಗುವನ್ನು ನೋಡಿಕೊಳ್ಳಬಲ್ಲ ನೆಂಟರ ಹೆಸರನ್ನು ಬೇಗ ಕೊಡಿ. ಕೌನ್ಸಿಲ್ ಕೊಡುವ ಆರೋಪಪಟ್ಟಿಯ ಪ್ರತಿ ಸಾಲಿಗೂ ಒಪ್ಪುತ್ತೇವೆ, ಇಲ್ಲ ಅಥವಾ ಗೊತ್ತಿಲ್ಲ ಅಂತ ವಕೀಲರ ಮೂಲಕ ಬರೆದುಕೊಡಿ. ಪೊಲೀಸ್ ಕೇಸೂ ಇದ್ದರೆ, ವಕೀಲರನ್ನು ಕೇಳದೆ ಒಂದು ಸಾಲೂ ಬರೆಯಬೇಡಿ.