ಹಿನ್ನೀರಿನ ದಡದಲ್ಲಿ ಕುಟುಂಬಕ್ಕೂ ಕ್ಯಾರವಾನ್‌ಗೂ ಒಗ್ಗುವ ಬಿಡಾರವನ್ನು ಆರಿಸುವ ಬಗೆ

ಮಂಡ್ಯ ಮತ್ತು ಮೈಸೂರು ಭಾಗದವರಿಗೆ ಬೆಳಿಗ್ಗೆ ಪತ್ರಿಕೆ ಕೈಗೆ ಬಂದ ಕೂಡಲೇ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ನೋಡುವ ರೂಢಿ ಇದೆ. ರೈತರು ನಾಲೆಗೆ ನೀರು ಬಿಡುವರೇ ಎಂದು ತಿಳಿಯಲು ನೋಡುವ ಆ ನಾಲ್ಕು ಸಾಲುಗಳನ್ನೇ, ಮಕ್ಕಳು ಮರಿ ಕಟ್ಟಿಕೊಂಡು ಹಿನ್ನೀರಿನ ಪಕ್ಕ ಟೆಂಟ್ ಹಾಕಲು ಅಥವಾ ಕ್ಯಾರವಾನ್ ನಿಲ್ಲಿಸಲು ಹೊರಟವರೂ ಮೊದಲು ನೋಡಬೇಕು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು ಸಮುದ್ರ ಮಟ್ಟದಿಂದ 2,284 ಅಡಿ. ಇಂದಿನ ಮಟ್ಟ ಆ ಅಂಕಿಗೆ ಹತ್ತಿರವಿದ್ದು ಒಳಹರಿವು ಹೆಚ್ಚುತ್ತಿದ್ದರೆ ನೀರಿನ ಅಂಚು ರಾತ್ರೋರಾತ್ರಿ ನಿಮ್ಮ ಕಡೆಗೆ ಸರಿದು ಬರಬಹುದು. ಮಟ್ಟ ಬಹಳ ಕೆಳಗಿದ್ದರೆ ಚಿತ್ರದಲ್ಲಿ ಅಂಗಳದ ಅಂಚಿಗೇ ಕಾಣುವ ನೀರು ನೀವು ಹೋದ ದಿನ ಬಹು ದೂರದಲ್ಲಿದ್ದು, ನಡುವೆ ಬಿರುಕು ಬಿಟ್ಟ ಕೆಸರು ನೆಲವಷ್ಟೇ ಉಳಿದಿರುತ್ತದೆ. ಆದ್ದರಿಂದ ಬಿಡಾರದವರಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆಯದಲ್ಲ; ಕಟ್ಟೆ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ, ಈಗ ಎಲ್ಲಿದೆ ಎಂಬುದನ್ನೇ ಕೇಳಿ. ಇದಕ್ಕೆ ತಡವರಿಸದೆ ಉತ್ತರ ಹೇಳುವವರು ಆ ನೆಲವನ್ನು ಬಲ್ಲವರು.

ನೆಲದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕ್ಯಾರವಾನ್ ತಂದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ನಾವು ಎರಡು ಕುಟುಂಬದವರು ಬಾಡಿಗೆಯ ಕ್ಯಾರವಾನ್‌ನಲ್ಲಿ ಹಿನ್ನೀರಿನ ಒಂದು ಖಾಸಗಿ ಬಿಡಾರಕ್ಕೆ ಹೋಗಿದ್ದೆವು. "ನೀರಿನ ಪಕ್ಕದಲ್ಲೇ ನಿಲ್ಲಿಸಿ ಸಾರ್, ಎಲ್ಲರೂ ಅಲ್ಲೇ ನಿಲ್ಲಿಸೋದು" ಎಂದರು. ನೆಲ ಒಣಗಿ ಹೆಂಚಿನ ಚೂರುಗಳಂತೆ ಬಿರುಕು ಬಿಟ್ಟಿತ್ತು, ನಡೆದರೆ ಹೆಜ್ಜೆಯ ಗುರುತೂ ಮೂಡುತ್ತಿರಲಿಲ್ಲ. ರಾತ್ರಿ ಒಂದು ಗಂಟೆಯ ಹೊತ್ತು ಗುಡುಗಿನ ಮಳೆ ಬಂತು. ಬೆಳಿಗ್ಗೆ ನೋಡಿದರೆ ಹಿಂದಿನ ಎಡಗಾಲಿ ಅಚ್ಚಿನವರೆಗೂ ಹೂತಿತ್ತು. ಎಳೆದ ಕಡೆಯಲ್ಲೆಲ್ಲ ಒಳಗಿನಿಂದ ಕಪ್ಪು ಗೋಡು ಬೆಣ್ಣೆಯಂತೆ ಉಕ್ಕಿ ಬರುತ್ತಿತ್ತು. ಹತ್ತಿರದ ಊರಿನವರು ಕಬ್ಬು ಸಾಗಿಸುವ ಟ್ರ್ಯಾಕ್ಟರ್ ತಂದು ಸರಪಳಿ ಹಾಕಿ ಎಳೆದುಕೊಟ್ಟರು. ಅಂದಿನಿಂದ ನಾನು ಟೆಂಟಿನ ಒಂದು ಕಬ್ಬಿಣದ ಗೂಟವನ್ನು ಜೊತೆಯಲ್ಲೇ ಇಟ್ಟುಕೊಂಡಿರುತ್ತೇನೆ. ಗಾಲಿ ನಿಲ್ಲುವ ನಾಲ್ಕೂ ಕಡೆ ಅದನ್ನು ಬರಿಗೈಯಲ್ಲಿ ಒತ್ತಿ ನೋಡಿ: ಸುತ್ತಿಗೆಯಿಲ್ಲದೆ ಅದು ಗೇಣುದ್ದ ಇಳಿದರೆ ಅಲ್ಲಿ ಕ್ಯಾರವಾನ್ ನಿಲ್ಲಿಸಬೇಡಿ. ಕೆರೆಯ ಅಂಗಳಕ್ಕಿಂತ ಮೇಲಿರುವ, ಕೆಂಪು ಗರಸು ಮಣ್ಣಿನ ಸಮತಟ್ಟಾದ ಜಾಗದಿಂದ ನೀರು ನೂರು ಹೆಜ್ಜೆ ದೂರ ಕಂಡರೂ ಅದೇ ಮೇಲು.

ದೊಡ್ಡ ವಾಹನಕ್ಕೆ ದಾರಿಯೂ ನೆಲದಷ್ಟೇ ಮುಖ್ಯ. ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತಮುತ್ತ ಬಿಡಾರಗಳಿಗೆ ಹೋಗುವ ಒಳರಸ್ತೆಗಳಲ್ಲಿ ರೈಲ್ವೆ ಕೆಳಸೇತುವೆಗಳೂ ಜೋಲುವ ವಿದ್ಯುತ್ ತಂತಿಗಳೂ ಎದುರಾಗುತ್ತವೆ. ಕಬ್ಬು ಕಡಿಯುವ ಕಾಲದಲ್ಲಂತೂ ಎರಡೂ ಬದಿಗೆ ಹೊರಚಾಚಿದ ಲೋಡಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಇರುತ್ತವೆ. ವಾಹನದ ಎತ್ತರವನ್ನು, ಮೇಲಿನ ಎಸಿ ಪೆಟ್ಟಿಗೆಯನ್ನೂ ಸೇರಿಸಿ ಅಳೆದು, ಚಾಲಕರ ಕಣ್ಣಿಗೆ ಬೀಳುವಂತೆ ಬರೆದು ಅಂಟಿಸಿ. ಮ್ಯಾಪ್ ತೋರಿಸುವ ಹತ್ತಿರದ ದಾರಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಹೋಗುವುದಾದರೆ ಸುತ್ತಾದರೂ ಬೇರೆ ದಾರಿ ಹಿಡಿಯಿರಿ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಈ ಸೀಮೆ ಮರೆತಿಲ್ಲ. ಕತ್ತಲಾಗುವ ಮೊದಲೇ ತಲಪುವಂತೆ ಹೊರಡುವುದು ಎಲ್ಲಕ್ಕಿಂತ ಕ್ಷೇಮ.

ಯಾವ ನೀರು ಎಂಬುದೂ ಯೋಚಿಸಬೇಕಾದ ವಿಷಯ. ಕೆಆರ್‌ಎಸ್ ಹಿನ್ನೀರು, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆಯದಾಗಲಿ, ಸಾಗರಕಟ್ಟೆಯ ಕಡೆಯದಾಗಲಿ, ಬಯಲಾಗಿ ಹರಡಿಕೊಂಡಿದ್ದು ಚಿಕ್ಕ ಮಕ್ಕಳಿರುವವರಿಗೆ ಕಣ್ಣಳತೆಯಲ್ಲಿ ಕಾಯಲು ಅನುಕೂಲ. ಆದರೆ ನೆರಳು ಕಡಿಮೆ, ಆಷಾಢದ ಗಾಳಿ ಬಹಳ. ಪಾಂಡವಪುರದ ತೊಣ್ಣೂರು ಕೆರೆ ಗುಡ್ಡಗಳ ನಡುವೆ ಇದ್ದು ನೋಡಲು ಅದಕ್ಕಿಂತ ಚೆಂದ, ಆದರೆ ಬಂಡೆಯ ದಡದಿಂದ ನೀರು ಥಟ್ಟನೆ ಆಳವಾಗುತ್ತದೆ. ಈಜು ಬಾರದವರಿರುವ ಕುಟುಂಬಕ್ಕೆ ಅದು ಹಗಲು ನೋಡಿ ಬರುವ ಜಾಗವೆಂದೇ ನನ್ನ ಅಭಿಪ್ರಾಯ. ಕಬಿನಿ ಹಿನ್ನೀರಿನ ಎರಡು ಬದಿಗೆ ನಾಗರಹೊಳೆ, ಬಂಡೀಪುರದ ಕಾಡುಗಳಿವೆ. ಬೇಸಿಗೆಯಲ್ಲಿ ಕಾಡಿನೊಳಗಿನ ನೀರು ಬತ್ತಿದಾಗ ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಅಲ್ಲಿ ಕಂದಕವೋ ಸೋಲಾರ್ ಬೇಲಿಯೋ ಇರುವ, ಅನುಮತಿ ಪಡೆದ ಬಿಡಾರವನ್ನಲ್ಲದೆ ಬೇರೆಯದನ್ನು ಆರಿಸಲೇಬಾರದು. ಕಾಡಿನ ನಡುವೆ ಹಾಯುವ ಮಾನಂದವಾಡಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೂ, ಗುಂಡ್ಲುಪೇಟೆಯ ಆಚೆಯ ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೂ ವಾಹನಗಳಿಗೆ ಮುಚ್ಚಿರುತ್ತವೆ ಎಂಬುದನ್ನು ಹೊರಡುವ ಹೊತ್ತನ್ನು ಗೊತ್ತು ಮಾಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಟ್ಟೆಯ ಕೆಳಗಿನ ನದಿ ದಡ, ಎಂದರೆ ಬಲಮುರಿ, ಎಡಮುರಿ, ಸಂಗಮ, ಮುತ್ತತ್ತಿಯ ಕಡೆ, ಬೇರೆಯೇ ಮಾತು. ಅಲ್ಲಿ ಆಕಾಶ ತಿಳಿಯಾಗಿದ್ದರೂ ಮೇಲೆ ಗೇಟು ತೆಗೆದರೆ ಹೊಳೆ ಏರುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ನದಿಯ ಮರಳಿನ ಮೇಲೆ ರಾತ್ರಿ ಉಳಿಯುವ ಯೋಚನೆಯನ್ನೇ ಮಾಡಬೇಡಿ. ಕಾವೇರಿಯಲ್ಲೂ ಕಬಿನಿಯಲ್ಲೂ ಮೊಸಳೆಗಳಿವೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯುವವುಗಳನ್ನು ದೋಣಿಯಲ್ಲಿ ಹೋದವರೆಲ್ಲ ನೋಡಿಯೇ ಇರುತ್ತಾರೆ. ಪಾತ್ರೆ ತೊಳೆಯಲು, ಮುಖ ತೊಳೆಯಲು ಮಕ್ಕಳನ್ನು ದಡಕ್ಕೆ ಕಳಿಸದಿರುವಂತೆ ಬಿಡಾರದಲ್ಲೇ ನಲ್ಲಿ ಇದೆಯೇ ಎಂದು ಕೇಳುವುದು ಇದಕ್ಕಾಗಿಯೇ.

ಕ್ಯಾರವಾನ್‌ನವರು ಕೇಳಬೇಕಾದ ಇನ್ನೆರಡು ವಿಷಯಗಳಿವೆ. ಎಸಿ ನಡೆಸಲು ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ ನಿಲ್ಲಿಸುವ ಜಾಗದ ಹತ್ತಿರವೇ ಇರಬೇಕು. ಅಡುಗೆಮನೆಯಿಂದ ತೆಳುವಾದ ವೈರ್ ಎಳೆದು ಕೊಡುತ್ತೇವೆ ಎಂದರೆ ಒಪ್ಪಬೇಡಿ. ಎರಡನೆಯದು ಕೊಳಕು ನೀರು. ಶೌಚದ ಟ್ಯಾಂಕನ್ನು ಖಾಲಿ ಮಾಡಲು ಗುಂಡಿಯ ವ್ಯವಸ್ಥೆ ಇರುವ ಬಿಡಾರಗಳು ನಮ್ಮಲ್ಲಿ ಇನ್ನೂ ಕಡಿಮೆ. ಇಲ್ಲದಿದ್ದರೆ ಬಿಡಾರದ ಶೌಚಾಲಯವನ್ನೇ ಬಳಸಿ, ಟ್ಯಾಂಕನ್ನು ಹಾಗೆಯೇ ಮರಳಿ ಒಯ್ಯಿರಿ. ಇದೇ ನೀರನ್ನು ಮೈಸೂರು, ಮಂಡ್ಯ, ಬೆಂಗಳೂರುಗಳ ಜನ ಕುಡಿಯುತ್ತಾರೆ. ಅದಕ್ಕೆ ಒಂದು ಬಕೆಟ್ಟು ಸೋಪಿನ ನೀರನ್ನೂ ಬಿಡಬಾರದು.

ವಯಸ್ಸಾದವರು ಜೊತೆಗಿದ್ದರೆ ಟೆಂಟಿನಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ದಾರಿಯಲ್ಲಿ ದೀಪವಿದೆಯೇ, ಕಮೋಡ್ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಹುಲ್ಲು ಬೆಳೆದ ದಡದಲ್ಲಿ ಹಾವಿನ ಭಯ ಇರುವುದರಿಂದ ಟಾರ್ಚ್ ಇಲ್ಲದೆ ಯಾರೂ ಹೊರಗೆ ಕಾಲಿಡಬಾರದು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. 108ಕ್ಕೆ ಕರೆ ಮಾಡಿ ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಮಂಡ್ಯದ ಮಿಮ್ಸ್ ಆಸ್ಪತ್ರೆಯೋ, ಹತ್ತಿರವಿರುವಲ್ಲಿಗೆ ಹೋಗಿ. ಮೊಬೈಲ್ ಸಿಗ್ನಲ್ ಸಿಗದ ಜಾಗ ಎಷ್ಟೇ ಪ್ರಶಾಂತವಾಗಿದ್ದರೂ ಮಕ್ಕಳೊಂದಿಗೆ ಉಳಿಯಲು ತಕ್ಕದ್ದಲ್ಲ.

ಬಿಡಾರ ಶಾಂತವಾಗಿರುವುದೇ ಎಂದು ತಿಳಿಯಲು ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಅಲ್ಲಿಗೆ ಫೋನ್ ಮಾಡಿ. ಮಾತನಾಡುವವರ ಹಿಂದೆ ಡಿಜೆಯ ಸದ್ದು ಕೇಳಿಸಿದರೆ ನಿಮಗೆ ಉತ್ತರ ಸಿಕ್ಕಂತೆ. ದಸರಾ ರಜೆಯಲ್ಲಿ ಬಹುತೇಕ ಎಲ್ಲ ಕಡೆ ಗದ್ದಲವೇ, ಆದ್ದರಿಂದ ನಮ್ಮ ಮನೆಯವರು ಈಗ ಡಿಸೆಂಬರ್ ಮತ್ತು ಜನವರಿಯ ವಾರದ ದಿನಗಳನ್ನೇ ಆರಿಸುತ್ತೇವೆ. ಮಳೆ ನಿಂತು ನೆಲ ಗಟ್ಟಿಯಾಗಿರುತ್ತದೆ, ಕಟ್ಟೆಯಲ್ಲೂ ಸಾಮಾನ್ಯವಾಗಿ ನೀರಿರುತ್ತದೆ. ಮುಂಜಾನೆಯ ಇಬ್ಬನಿಗೆ ಟೆಂಟಿನ ಬಟ್ಟೆ ತೊಯ್ದು ತೊಟ್ಟಿಕ್ಕುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಹೆಚ್ಚಿನ ಕಂಬಳಿ ಇಟ್ಟುಕೊಂಡು ಹೋಗಿ.