ನಮ್ಮ ಬೋರ್‌ವೆಲ್‌ಗಳು ಹಿಮದ ಸಮುದ್ರಕ್ಕೆ ಹೋಗಿದ್ದವು!

ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಕುಡಿಯುವ ನೀರು ಯಾವ ಓಣಿಗೆ ದೂರ ಅಂತ ನೋಡಬೇಕಿತ್ತು. ಬೋರ್‌ವೆಲ್‌ಗಳ ಪಟ್ಟಿಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿದರೆ ಚುಕ್ಕಿಗಳೆಲ್ಲ ನಾರ್ವೆಯ ಆಚೆ, ಹಿಮದ ಸಮುದ್ರದಲ್ಲಿ! ಎಕ್ಸ್‌ಗೆ 15, ವೈಗೆ 75 ಕೊಟ್ಟಿದ್ದೆ. ಎಕ್ಸ್ ಅಂದರೆ ರೇಖಾಂಶ, ನಮ್ಮ ಕಡೆ ಅದು 75; ವೈ ಅಂದರೆ ಅಕ್ಷಾಂಶ, ಅದು 15. ಅದಲುಬದಲು ಮಾಡಿದೆ, ಊರಿಗೆ ಬಂದವು.

ನಿಜವಾದ ತಲೆನೋವು ಆಮೇಲೆ. ಪ್ರತಿ ಬೋರ್‌ವೆಲ್ ಸುತ್ತ 500 ಮೀಟರ್ ಬಫರ್, ಅಂದರೆ ಅಷ್ಟು ದೂರದ ವೃತ್ತ, ಹಾಕಿದರೆ ಪರದೆ ತುಂಬ ಒಂದೇ ಬಣ್ಣ. ಲೇಯರ್, ಅಂದರೆ ಚುಕ್ಕಿಗಳ ಪದರ, ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ಪದ್ಧತಿಯಲ್ಲಿತ್ತು. ಅದರ ಅಳತೆ ಡಿಗ್ರಿ. ಅಂದರೆ ನಾನು ಕೇಳಿದ್ದು 500 ಡಿಗ್ರಿ! ಭೂಮಿಯನ್ನು ಪೂರ್ತಿ ಸುತ್ತಿದರೂ 360 ಅಲ್ವಾ? 'ರಿಪ್ರೊಜೆಕ್ಟ್ ಲೇಯರ್' ಸಾಧನ ಬಳಸಿ ಇಪಿಎಸ್‌ಜಿ 32643ಕ್ಕೆ, ಅಂದರೆ ಯುಟಿಎಂ ಎಂಬ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿದೆ. ಅಲ್ಲಿ ಅಳತೆ ಮೀಟರ್‌ನಲ್ಲೇ.

ಈಗ ಯಾವ ವೃತ್ತಕ್ಕೂ ಸಿಗದ ಓಣಿ ಎದ್ದು ಕಂಡಿತು. ಆ ನಕ್ಷೆಯನ್ನೇ ಗ್ರಾಮಸಭೆಗೆ ಒಯ್ದೆ.